ಕಿನ್ನರಿಯರಿಗೆ ಕಾನೂನು ಬರೆಯುವಾತ

ಫೇ ಎಂಬ ಕಿನ್ನರಿ ಪಾತ್ರಗಳಿಗೆಂದೇ ಹೌಸ್ ರೂಲ್ ಬರೆಯುವ ಗೇಮ್ ಮಾಸ್ಟರ್, ರೋಲ್‌ಪ್ಲೇಯಿಂಗ್ ಆಟದ ಮೇಜುಗಳಲ್ಲಿ ಕಂಡುಬರುವ ಒಂದು ವಿಶಿಷ್ಟ ಜೀವಿ. ದಾಳ ಉರುಳಿಸುತ್ತ, ಕತೆ ಕಟ್ಟುತ್ತ ಆಡುವ ಈ ಬಗೆಯ ಆಟಗಳಲ್ಲಿ ಮೊದಲು ಹೆಸರು ಮಾಡಿದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಅದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ಹೊರಬಂತು. ನಾಲ್ಕೈದು ಜನ ಮೇಜಿನ ಸುತ್ತ ಕೂತು ತಲೆಗೊಂದು ಪಾತ್ರ ಹಿಡಿಯುತ್ತಾರೆ. ಉಳಿದ ಜಗತ್ತನ್ನು, ಅಂದರೆ ರಾಜ, ರಾಕ್ಷಸ, ಛತ್ರದ ಮಾಣಿ, ಮಳೆ, ಎಲ್ಲವನ್ನೂ ಗೇಮ್ ಮಾಸ್ಟರ್ ಒಬ್ಬನೇ ನಡೆಸುತ್ತಾನೆ. ಅಚ್ಚಾದ ನಿಯಮ ಪುಸ್ತಕ ಮುನ್ನೂರು ಪುಟ ದಾಟಿದ್ದರೂ ಅದರಲ್ಲಿ ತನ್ನ ಮೇಜಿಗೆ ಬೇಕಾದದ್ದು ಮಾತ್ರ ಇಲ್ಲ ಎಂಬುದು ಅವನ ದೃಢ ನಂಬಿಕೆ. ಆ ಕೊರತೆ ತುಂಬಲು ಬರೆದುಕೊಳ್ಳುವುದೇ ಹೌಸ್ ರೂಲ್.

ಫೇಗಳು ಬ್ರಿಟನ್, ಐರ್ಲೆಂಡ್‌ಗಳ ಜನಪದದಿಂದ ಬಂದವರು. ರಾತ್ರಿ ಮನೆಗೆಲಸವೆಲ್ಲ ಮಾಡಿಕೊಟ್ಟು, ಹೊಸ ಬಟ್ಟೆ ಉಡುಗೊರೆ ಕೊಟ್ಟರೆ ಮನೆ ಬಿಟ್ಟೇ ಹೋಗುವ ಬ್ರೌನಿ, ತೊಟ್ಟಿಲ ಕೂಸನ್ನು ಅದಲುಬದಲು ಮಾಡುವವರು, ಊಟಕ್ಕೆ ಕೂರಿಸಿ ವಾಪಸ್ ಕಳಿಸದವರು, ಎಲ್ಲರೂ ಇದೇ ಬಳಗ. ಹಳ್ಳಿಗರು ಹೆಸರೆತ್ತಲು ಅಂಜಿ ಅವರನ್ನು ‘ಒಳ್ಳೆಯ ನೆರೆಯವರು’ ಎನ್ನುತ್ತಿದ್ದರು. ಸ್ಕಾಟ್ಲೆಂಡಿನ ಅಬರ್‌ಫಾಯ್ಲ್‌ನ ಪಾದ್ರಿ ರಾಬರ್ಟ್ ಕರ್ಕ್ 1691ರ ಹೊತ್ತಿಗೆ ಇವರ ಮೇಲೆ ಒಂದು ಗ್ರಂಥವನ್ನೇ ಬರೆದಿಟ್ಟ. ಮರುವರ್ಷ ಆತ ತೀರಿಕೊಂಡಾಗ, ಫೇಗಳೇ ಎತ್ತಿಕೊಂಡು ಹೋದರು ಎಂಬ ಪ್ರತೀತಿ ಹುಟ್ಟಿತು. ಗೇಮ್ ಮಾಸ್ಟರ್ ಈ ಕತೆಯನ್ನು ಮೊದಲ ಸೆಷನ್ನಿನಲ್ಲಿ ಹೇಳುತ್ತಾನೆ, ಎರಡನೆಯದರಲ್ಲೂ ಹೇಳುತ್ತಾನೆ. ಕ್ಯಾಥರಿನ್ ಬ್ರಿಗ್ಸ್ 1976ರಲ್ಲಿ ಪ್ರಕಟಿಸಿದ ಫೇರಿಗಳ ನಿಘಂಟು ಅವನ ಕಪಾಟಿನಲ್ಲಿರುತ್ತದೆ. ಪುಟಗಳ ನಡುವೆ ಗುರುತಿಗೆ ಇಟ್ಟ ಚೀಟಿಗಳು ಮಾತ್ರ ‘ಬಿ’ ಅಕ್ಷರ ದಾಟಿರುವುದಿಲ್ಲ.

ಫೇಗಳು ಎದುರಾಳಿಗಳಾಗಿದ್ದಷ್ಟು ಕಾಲ ಅವನಿಗೆ ತಲೆನೋವಿರಲಿಲ್ಲ. 2021ರಲ್ಲಿ ಬಂದ ‘ದ ವೈಲ್ಡ್ ಬಿಯಾಂಡ್ ದ ವಿಚ್‌ಲೈಟ್’ ಪುಸ್ತಕವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಆಟಗಾರರಿಗೆ ಫೇರಿಯನ್ನು ಪಾತ್ರವಾಗಿ ಆಡುವ ಅವಕಾಶ ಕೊಟ್ಟಿತು. ಫೇರಿಗೆ ಮೊದಲ ಲೆವೆಲ್ಲಿನಿಂದಲೇ ಹಾರಾಟ ಉಂಟು. ಭಾರದ ಕವಚ, ಮಧ್ಯಮ ಕವಚ ತೊಟ್ಟಿರಬಾರದು, ಅಷ್ಟೇ. ಗೇಮ್ ಮಾಸ್ಟರ್ ಭಾನುವಾರವೆಲ್ಲ ಕೂತು ಒಂದು ಕಂದರ, ಮುರಿದ ಸೇತುವೆ, ಕೆಳಗೆ ಮೊಸಳೆ ಬರೆದು ಬಣ್ಣ ತುಂಬಿರುತ್ತಾನೆ. ಫೇರಿ ಹಗ್ಗದ ತುದಿ ಹಿಡಿದು ಆಚೆ ದಡಕ್ಕೆ ಹಾರಿ, ಮರಕ್ಕೆ ಬಿಗಿದು, ಬನ್ನಿ ಎಂದು ಕೈ ಬೀಸುತ್ತದೆ. ಮೊಸಳೆಗಳು ಕೆಲಸವಿಲ್ಲದೆ ಉಳಿಯುತ್ತವೆ. ಅಂದು ರಾತ್ರಿಯೇ ಮೊದಲ ನಿಯಮ ಹುಟ್ಟುತ್ತದೆ: ಐದನೇ ಲೆವೆಲ್ಲಿನ ತನಕ ಹತ್ತು ಅಡಿಗಿಂತ ಎತ್ತರ ಹಾರುವಂತಿಲ್ಲ. ಕಂದರದ ಮೇಲಿದ್ದಾಗ ಹತ್ತು ಅಡಿಯನ್ನು ದಡದಿಂದ ಅಳೆಯಬೇಕೋ ತಳದಿಂದಲೋ ಎಂಬ ಪ್ರಶ್ನೆ ಮುಂದಿನ ವಾರ ಏಳುತ್ತದೆ. ಆಗ ಎರಡನೆಯ ನಿಯಮ: ಕಂದರಗಳ ಮೇಲೆ ಸದಾ ಬಿರುಗಾಳಿ ಬೀಸುತ್ತಿರುತ್ತದೆ.

ಇಂಥ ನಿಯಮಗಳ ಪಟ್ಟಿಯನ್ನು ಓದಬೇಕಾದ ರೀತಿಯೂ ಇದೇ. ಒಂದೊಂದು ಸಾಲಿನ ಹಿಂದೆಯೂ ಒಬ್ಬ ಆಟಗಾರ, ಒಂದು ಹಾಳಾದ ಸಂಜೆ ಇರುತ್ತದೆ. ‘ಬೆಕ್ಕಿನೊಡನೆ ಮಾಡಿಕೊಂಡ ಕರಾರು ಅದರ ಯಜಮಾನನಿಗೆ ಅನ್ವಯಿಸದು’ ಎಂಬ ಕಲಂ ಯಾರ ತಲೆಗೂ ಸುಮ್ಮಸುಮ್ಮನೆ ಹೊಳೆಯುವಂಥದ್ದಲ್ಲ.

ಹಾರಾಟದ ನಂತರ ಬರುವುದು ಕಬ್ಬಿಣ. ಜನಪದದಲ್ಲಿ ಫೇಗಳಿಗೆ ಕಬ್ಬಿಣ ಆಗದು. ಬಾಗಿಲಿಗೆ ಕುದುರೆ ಲಾಳ ಬಡಿಯುವ ರೂಢಿಗೆ ಕೊಡುವ ಕಾರಣಗಳಲ್ಲಿ ಅದೂ ಒಂದು. ಐದನೇ ಆವೃತ್ತಿಯ ಫೇರಿಗೆ ಕಬ್ಬಿಣದಿಂದ ವಿಶೇಷ ತೊಂದರೆಯೇನೂ ಇಲ್ಲ. ಇದು ಗೇಮ್ ಮಾಸ್ಟರನಿಗೆ ಸಂಪ್ರದಾಯಕ್ಕಾದ ಅವಮಾನದಂತೆ ಕಾಣುತ್ತದೆ. ‘ಕಬ್ಬಿಣ ಮುಟ್ಟಿದರೆ ಫೇಗೆ ಗಾಯ’ ಎಂದು ಒಂದೇ ಸಾಲು ಬರೆದು, ಕೆಲಸ ಮುಗಿಯಿತೆಂದು ಪೆನ್ನು ಮುಚ್ಚುತ್ತಾನೆ. ಬಾಗಿಲ ಚಿಲಕ? ಛತ್ರದ ಬಾಣಲೆ? ಗೆಳೆಯನ ಕತ್ತಿ? ಕತ್ತಿ ಉಕ್ಕಿನದು, ಉಕ್ಕು ಬೇರೆ ಕಬ್ಬಿಣ ಬೇರೆ ಎಂದು ಅವನು ತೀರ್ಪು ಕೊಡುತ್ತಾನೆ. ಪ್ರತಿ ಗುಂಪಿನಲ್ಲೂ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್ ಇದ್ದೇ ಇರುತ್ತಾನೆ. ಕತ್ತಿಯ ಉಕ್ಕಿನಲ್ಲಿ ಇಂಗಾಲ ಶೇ. 2ನ್ನೂ ಮುಟ್ಟುವುದಿಲ್ಲ, ಮಿಕ್ಕಿದ್ದೆಲ್ಲ ಬಹುಪಾಲು ಕಬ್ಬಿಣವೇ ಎಂದು ಆತ ಕರಿಹಲಗೆ ಸಿಕ್ಕವನಂತೆ ವಿವರಿಸುತ್ತಾನೆ. ಇನ್ನೊಬ್ಬ, ನೆತ್ತರಿನಲ್ಲೂ ಕಬ್ಬಿಣ ಇದೆಯಲ್ಲ, ನನ್ನ ಕೈ ಕೊಯ್ದುಕೊಂಡು ಫೇ ರಾಣಿಯ ಮೇಲೆ ಚಿಮುಕಿಸಲೇ ಎನ್ನುತ್ತಾನೆ. ಆ ಒಂದು ಸಾಲು ತಿಂಗಳೊಪ್ಪತ್ತಿನಲ್ಲಿ ಒಂದು ಪುಟವಾಗಿ, ಕೊನೆಯಲ್ಲಿ ‘ಮನುಷ್ಯರ ದೇಹದ್ರವಗಳನ್ನು ಹೊರತುಪಡಿಸಿ’ ಎಂಬ ಮಾತು ಸೇರಿಕೊಳ್ಳುತ್ತದೆ.

ಹೆಸರಿನ ನಿಯಮ ಇದಕ್ಕಿಂತ ತುಟ್ಟಿ. ತಮ್ಮ ಹೆಸರನ್ನು ಬಾಯಾರೆ ‘ಕೊಟ್ಟವರ’ ಮೇಲೆ ಫೇಗೆ ಅಧಿಕಾರ ಬರುತ್ತದೆ ಎಂದು ಅವನು ಬರೆದಿರುತ್ತಾನೆ. ಪಾತ್ರಗಳು ಕೋಟೆಯ ಬಾಗಿಲಿಗೆ ಬರುತ್ತವೆ. ಕಾವಲುಗಾರನಾಗಿ ಗೇಮ್ ಮಾಸ್ಟರ್ ದನಿ ದಪ್ಪ ಮಾಡಿ, “ನಿಮ್ಮ ಹೆಸರು ಕೊಡಿ” ಎನ್ನುತ್ತಾನೆ.

“ಕೊಡೋಕಾಗಲ್ಲ. ಬೇಕಾದ್ರೆ ಹೇಳ್ತೀನಿ. ನೀವು ಎಲ್ಲರ ಹೆಸರನ್ನೂ ಹೀಗೇ ಇಸ್ಕೋತೀರಾ? ಇಸ್ಕೊಂಡದ್ದನ್ನು ಎಲ್ಲಿಡ್ತೀರಿ?”

“ರಿಜಿಸ್ಟರಲ್ಲಿ.”

“ಆ ರಿಜಿಸ್ಟರ್ ನಂಗೆ ಮಾರ್ತೀರಾ?”

ಕೋಟೆಯೊಳಗೆ ಡ್ರ್ಯಾಗನ್ ಕಾಯುತ್ತಿರುತ್ತದೆ. ರಾತ್ರಿ ಹತ್ತೂವರೆಯಾದರೂ ಗುಂಪು ರಿಜಿಸ್ಟರಿನ ಬೆಲೆಯ ಚೌಕಾಸಿಯಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ, ವಾರವಾರವೂ ಮುಂದುವರಿಯುವ ಆ ಕ್ಯಾಂಪೇನಿನ ಅತ್ಯುತ್ತಮ ಸಂಜೆ ಅದು. ಹಾಗೆಂದು ಗೇಮ್ ಮಾಸ್ಟರ್ ಯಾರ ಮುಂದೆಯೂ ಒಪ್ಪುವುದಿಲ್ಲ.

ಫೇಗಳು ಸುಳ್ಳಾಡಲಾರರು ಎಂಬುದು ಇನ್ನೊಂದು ದೊಡ್ಡ ಕಲಂ. ಈಚಿನ ಫ್ಯಾಂಟಸಿ ಕಾದಂಬರಿಗಳು ಇದನ್ನು ಗಟ್ಟಿ ಮಾಡಿವೆ. ಆಟಗಾರನನ್ನು ಕಟ್ಟಿಹಾಕಲೆಂದು ಬರೆದ ಈ ಕಲಂಗೆ ಸಿಕ್ಕಿಬೀಳುವವನು ಬರೆದವನೇ. ಫೇ ಪಾತ್ರದ ಆಟಗಾರ ಪ್ರಶ್ನೆಗೆ ಪ್ರಶ್ನೆಯಲ್ಲೇ ಉತ್ತರಿಸುವುದನ್ನು ಎರಡೇ ದಿನದಲ್ಲಿ ಕಲಿಯುತ್ತಾನೆ. ಅತ್ತ ಗೇಮ್ ಮಾಸ್ಟರ್ ಆಡಿಸುವ ಫೇ ರಾಣಿಯೂ ನಿಜವನ್ನೇ ನುಡಿಯಬೇಕು. ರಾಜಕುಮಾರನನ್ನು ಕೊಂದವರು ಯಾರು ಎಂದು ಕೇಳಿದಾಗ, ಅದನ್ನು ಗೇಮ್ ಮಾಸ್ಟರ್ ಇನ್ನೂ ಯೋಚಿಸಿರುವುದಿಲ್ಲ. ರಾಣಿ ಚಂದ್ರನನ್ನು ನೋಡುತ್ತ, ಕಾಲ ಬಂದಾಗ ನಿನಗೇ ತಿಳಿಯುತ್ತದೆ ಎನ್ನುತ್ತಾಳೆ. ಮೇಜಿನ ಸುತ್ತ ಕೂತವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು.

ಧನ್ಯವಾದ ಹೇಳಿದರೆ ಋಣಕ್ಕೆ ಬಿದ್ದಂತೆ ಎಂಬ ನಿಯಮ ಅಮೆರಿಕದ ಮೇಜುಗಳಲ್ಲಿ ಹಾಹಾಕಾರ ಎಬ್ಬಿಸುತ್ತದೆ. ಪಿಜ್ಜಾ ತುಂಡು ಕೈಗೆ ಬಂದೊಡನೆ ಥ್ಯಾಂಕ್ಸ್ ಎಂದವನು ಮುಂದಿನ ಅಧ್ಯಾಯದಲ್ಲಿ ಜೀತಕ್ಕೆ ಹೋಗುತ್ತಾನೆ. ಬೆಂಗಳೂರಿನ ಮೇಜುಗಳಿಗೆ ಈ ಕಷ್ಟವಿಲ್ಲ. ನೀರು ಕೊಟ್ಟವರಿಗೆ, ಚಕ್ಕುಲಿ ಡಬ್ಬಿ ಮುಂದೂಡಿದವರಿಗೆ ಥ್ಯಾಂಕ್ಸ್ ಹೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಎಂದೂ ಇದ್ದದ್ದಲ್ಲ. ಬರೆದದ್ದನ್ನು ಅಕ್ಷರಶಃ ಪಾಲಿಸುವ ಜೀವಿಗಳ ವಿಷಯದಲ್ಲೂ ಈ ಊರಿಗೆ ಅನುಭವ ಉಂಟು. ಬಾಗಿಲು ತಟ್ಟಿ ಕರೆಯುವ ದೆವ್ವಕ್ಕೆಂದು ತೊಂಬತ್ತರ ದಶಕದಲ್ಲಿ ಗೋಡೆಗೋಡೆಯ ಮೇಲೆ ಬರೆದ ‘ನಾಳೆ ಬಾ’ ಎಂಬುದು ಎರಡೇ ಪದದ ಹೌಸ್ ರೂಲ್. ಅದಕ್ಕೆ ತಿದ್ದುಪಡಿ ಬೇಕಾಗಲಿಲ್ಲ. ನಾಳೆ ಎಂದರೆ ಯಾವ ಟೈಮ್ ಝೋನ್ ಎಂದು ಆ ದೆವ್ವ ಕೇಳಿದ ದಾಖಲೆಯಿಲ್ಲ.

ಕಾಲದ ನಿಯಮವನ್ನು ಮಾತ್ರ ಗೇಮ್ ಮಾಸ್ಟರ್ ಸ್ವಂತ ಬರೆಯಬೇಕಿಲ್ಲ. 2014ರ ಡಂಜನ್ ಮಾಸ್ಟರ್ಸ್ ಗೈಡಿನಲ್ಲೇ ಅದಕ್ಕೊಂದು ಕೋಷ್ಟಕವಿದೆ. ಫೇಗಳ ಲೋಕವಾದ ಫೇವೈಲ್ಡ್‌ನಿಂದ ಹೊರಬಂದ ಮೇಲೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. 1 ಅಥವಾ 2 ಬಿದ್ದರೆ ಅಲ್ಲಿ ಕಳೆದ ದಿನಗಳು ಇಲ್ಲಿ ನಿಮಿಷಗಳಾಗಿರುತ್ತವೆ, 20 ಬಿದ್ದರೆ ವರ್ಷಗಳಾಗಿರುತ್ತವೆ. ಆಟಗಾರರ ಪರೀಕ್ಷೆ, ನೈಟ್ ಶಿಫ್ಟ್, ಮದುವೆಗಳ ನಡುವೆ ಮುಂದಿನ ಸೆಷನ್ನಿಗೆ ದಿನ ಹುಡುಕುವಾಗ ಈ ಕೋಷ್ಟಕದ ಸತ್ಯ ಎಲ್ಲರಿಗೂ ಮನದಟ್ಟಾಗುತ್ತದೆ. ಬರುವ ಶನಿವಾರ ಎಂದದ್ದು ದೀಪಾವಳಿ ದಾಟಿರುತ್ತದೆ.

ಇಷ್ಟೆಲ್ಲ ಯಾಕೆ, ಫೇಗಳಿಗೆಂದೇ ಮಾಡಿದ ಆಟಗಳಿವೆಯಲ್ಲ ಎನ್ನುವವರಿದ್ದಾರೆ. 1995ರ ‘ಚೇಂಜ್ಲಿಂಗ್: ದ ಡ್ರೀಮಿಂಗ್’ ಇದೆ; 2007ರ ‘ಚೇಂಜ್ಲಿಂಗ್: ದ ಲಾಸ್ಟ್’ ಅಂತೂ ಆಣೆ, ಕರಾರುಗಳನ್ನು ಕಟ್ಟುವ ಕ್ರಮವನ್ನೇ ನಿಯಮಗಳಲ್ಲಿ ವಿವರಿಸುತ್ತದೆ. ಈ ಸಲಹೆಯನ್ನು ಅವನು ಗೌರವದಿಂದ ಕೇಳಿಸಿಕೊಂಡು, ಆ ಪುಸ್ತಕವನ್ನೂ ಕೊಂಡು, ಅದಕ್ಕೂ ಹೌಸ್ ರೂಲ್ ಬರೆಯಲು ಕೂರುತ್ತಾನೆ.

ಅವನ ದಾಖಲೆಯನ್ನು ಪೂರ್ತಿ ಓದುವವನು ಗುಂಪಿನಲ್ಲಿ ಒಬ್ಬನೇ, ಅದೂ ಫೇ ಪಾತ್ರ ಹಿಡಿದವನು. ಉಳಿದವರು ‘ಓದಿದೆ’ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳೆತ್ತುತ್ತಾರೆ. ಅವರಿಗೆ ಸುಳ್ಳು ಹೇಳಲು ಅಡ್ಡಿಯಿಲ್ಲವಷ್ಟೆ. ಹೀಗೆ ಕಲಂ ಬರೆಯುವವನೂ ಕಲಂ ಮುರಿಯುವವನೂ ವಾರವಿಡೀ ಪರಸ್ಪರರನ್ನೇ ಓದಿಕೊಳ್ಳುತ್ತ, ಡ್ರ್ಯಾಗನ್ ಕೊಲ್ಲಲು ಬಂದ ಮಿಕ್ಕ ಮೂವರು ಫೋನ್ ನೋಡುತ್ತ, ಕ್ಯಾಂಪೇನ್ ಸಾಗುತ್ತದೆ. ಸಾಮಾನ್ಯವಾಗಿ ಅದು ಮುಗಿಯುವುದಿಲ್ಲ, ನಿಂತುಹೋಗುತ್ತದೆ.

ಆಮೇಲೆ ಅವನು ಬೇರೊಬ್ಬರ ಮೇಜಿಗೆ ಆಟಗಾರನಾಗಿ ಹೋಗುತ್ತಾನೆ. ಅಲ್ಲಿ ಹೌಸ್ ರೂಲ್‌ಗಳಿಲ್ಲ. ಯಾವ ಪಾತ್ರ ಬೇಕಾದರೂ ತಗೊಳ್ಳಿ ಸರ್ ಎಂದು ಅಲ್ಲಿನ ಹೊಸ ಹುಡುಗಿ, ಮೊದಲ ಸಲ ಗೇಮ್ ಮಾಸ್ಟರ್ ಆದವಳು, ಕ್ಯಾರೆಕ್ಟರ್ ಶೀಟ್ ಮುಂದಿಡುತ್ತಾಳೆ. ಅವನು ಒಂದು ಕ್ಷಣವೂ ಯೋಚಿಸದೆ ಫೇರಿ ಎಂದು ಬರೆಯುತ್ತಾನೆ. ಹಾರಲು ಎತ್ತರದ ಮಿತಿ ಏನಾದರೂ ಇದೆಯೇ ಎಂದು ಕೇಳುತ್ತಾನೆ. ಇಲ್ಲ ಎಂದಾಗ ಅದನ್ನು ದಿನಾಂಕ ಸಮೇತ ಶೀಟಿನ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ.