ಒಂದೇ ಊರಿಗೆ ಇಬ್ಬರು ಶಾನುಭೋಗರು

ಬಾಗಿಲು ಯಾವ ದಿಕ್ಕಿಗಿರಬೇಕು, ಒಲೆ ಯಾವ ಮೂಲೆಗೆ ಬರಬೇಕು ಎಂದು ಜೋಯಿಸರನ್ನು ಕೇಳಿ ಮನೆ ಕಟ್ಟಿಸಿದವರೂ ಇಂಟರ್ನೆಟ್ಟಿನ ಡಬ್ಬಿ ಎಲ್ಲಿ ಕೂರಬೇಕೆಂದು ಯಾರನ್ನೂ ಕೇಳುವುದಿಲ್ಲ. ಅದನ್ನು ತೀರ್ಮಾನಿಸುವವನು ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬರುವ ಫೈಬರ್ ಹುಡುಗ. ಕಂಬದಿಂದ ಕಪ್ಪು ವೈರು ಎಳೆದು, ತೆಂಗಿನ ಮರಕ್ಕೆ ಒಂದು ಸುತ್ತು ಹಾಕಿ, ತೂತು ಎಲ್ಲಿ ಸಲೀಸಾಗಿ ಬೀಳುತ್ತದೋ ಅಲ್ಲೇ ಡಬ್ಬಿಯನ್ನು ಪ್ರತಿಷ್ಠಾಪಿಸಿ, ಓಟಿಪಿ ಇಸಕೊಂಡು ಹೊರಟುಬಿಡುತ್ತಾನೆ. ಆಮೇಲೆ ಡಬ್ಬಿಯ ಅನುಕೂಲ ನೋಡಿಕೊಂಡು ಬದುಕುವುದು ಮನೆಯವರ ಪಾಡು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 40×60 ನಿವೇಶನದ ಹಳೆಯ ಮನೆ. 9 ಇಂಚಿನ ಇಟ್ಟಿಗೆ ಗೋಡೆಗಳು. ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಾಗುತ್ತದೆ. ಡಬ್ಬಿ ಇರುವುದು ಮುಂದಿನ ಹಾಲಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಮಗಳು ಆಫೀಸಿನ ಕೆಲಸ ಮಾಡುವುದು ಮಹಡಿಯ ಹಿಂದಿನ ಕೋಣೆಯಲ್ಲಿ. ನಡುವೆ ಎರಡು ಗೋಡೆ, ಒಂದು ಆರ್‌ಸಿಸಿ ಚಾವಣಿ, ಸಾಲದ್ದಕ್ಕೆ ನಮ್ಮ ಅತ್ತೆಯವರ ಕಬ್ಬಿಣದ ಬೀರು. 2.4 ಗಿಗಾಹರ್ಟ್ಸ್ ತರಂಗ ಗೋಡೆಯನ್ನು ಹೇಗೋ ದಾಟಿಕೊಳ್ಳುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್‌ಗೆ ವೇಗವುಂಟು, ಗೋಡೆ ಕಂಡರೆ ಆಗದು. ಬೀರುವಿನ ಮುಂದೆ ಎರಡರ ಆಟವೂ ನಡೆಯುವುದಿಲ್ಲ. ಅತ್ತೆಯವರ ರೇಷ್ಮೆ ಸೀರೆಗಳಷ್ಟು ಸುರಕ್ಷಿತವಾಗಿ ವೈಫೈನಿಂದ ದೂರ ಉಳಿದ ವಸ್ತು ನಮ್ಮ ಬಡಾವಣೆಯಲ್ಲಿ ಇನ್ನೊಂದಿಲ್ಲ.

ಹೀಗಾಗಿ ಮಗಳು ಮೀಟಿಂಗ್ ಇದ್ದಾಗಲೆಲ್ಲ ಮೆಟ್ಟಿಲಿನ ತಿರುವಿನಲ್ಲಿ ಕೂರುತ್ತಿದ್ದಳು. ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೋಗುವ ನನ್ನ ಹೆಂಡತಿಯನ್ನು ಅಮೆರಿಕದ ಕ್ಲೈಂಟುಗಳೂ ಗುರುತು ಹಿಡಿಯುವಂತಾದರು. ಒಂದು ಮಳೆಯ ದಿನ ಆಕೆ ಆ ಕಡೆ ಸುಳಿಯದಿದ್ದುದಕ್ಕೆ ಯಾರೋ "ಮಾಮ್ ಹೇಗಿದ್ದಾರೆ" ಎಂದು ವಿಚಾರಿಸಿದರಂತೆ. ಮಗಳಿಗೆ ಅವಮಾನ, ತಾಯಿಗೆ ಅಭಿಮಾನ. ಇನ್ನೊಂದು ರೂಟರು ತರಲೇಬೇಕೆಂದು ಅಂದೇ ಗೊತ್ತುವಳಿ ಆಯಿತು.

ತಂದವನು ನನ್ನ ಭಾವಮೈದುನ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ಕಂಪ್ಯೂಟರಿಗೆ ಸಂಬಂಧಪಟ್ಟ ಯಾವ ವಸ್ತು ಕೆಟ್ಟರೂ, ಯುಪಿಎಸ್‌ನಿಂದ ಹಿಡಿದು ಮಿಕ್ಸಿಯವರೆಗೆ, ನಮ್ಮ ಮನೆಯಲ್ಲಿ ಅವನನ್ನೇ ಕರೆಯುವುದು. ಅವನು ಮಾಡುವುದು ಯಾವುದೋ ಬ್ಯಾಂಕಿನ ತಂತ್ರಾಂಶಕ್ಕೆ ಟೆಸ್ಟಿಂಗು. ರೂಟರಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದುಕೊಳ್ಳುವ ಪ್ರಮೇಯ ಅವನಿಗೆಂದೂ ಬಂದಿರಲಿಲ್ಲ. ಹಾಗೆಂದು ಅಕ್ಕನ ಮನೆಯಲ್ಲಿ ಒಪ್ಪಿಕೊಳ್ಳುವುದುಂಟೆ? ನಾಲ್ಕು ಆಂಟೆನಾಗಳ ಹೊಸ ಡಬ್ಬಿ ಹಿಡಿದು ಶನಿವಾರ ಇಳಿದ. ಹಾಲಿನಿಂದ ಮಹಡಿಗೆ ಕ್ಯಾಟ್ 6 ಕೇಬಲ್ಲು ಎಳೆಯಲು ಎಲೆಕ್ಟ್ರಿಷಿಯನ್ ಬಂದ. ವೈರ್‌ಲೆಸ್ ಬೇಕೆಂದರೆ ಮನೆಯುದ್ದಕ್ಕೂ ವೈರು ಎಳೆಸಬೇಕು ಎಂಬುದು ನನ್ನ ಹೆಂಡತಿಗೆ ಇವತ್ತಿಗೂ ಜೀರ್ಣವಾಗಿಲ್ಲ.

ಫೈಬರಿನವರು ಕೊಟ್ಟ ಡಬ್ಬಿ ನೋಡಲು ಒಂದು, ಮಾಡುವ ಚಾಕರಿ ನಾಲ್ಕು. ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ಯಂತ್ರಗಳಿಗೆ ತಿಳಿಯುವ ಸಂಕೇತ ಮಾಡುವುದು ಮೋಡೆಮ್ಮಿನ ಕೆಲಸ. ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ದಾಟಿಸುವುದು ರೂಟರಿನದು. ಗಾಳಿಯಲ್ಲಿ ಹರಡುವುದು ವೈಫೈ. ನಾಲ್ಕನೆಯದನ್ನು ಯಾರೂ ಗಮನಿಸುವುದಿಲ್ಲ: ಮನೆಯ ಪ್ರತಿಯೊಂದು ಫೋನು, ಟಿವಿ, ಲ್ಯಾಪ್‌ಟಾಪಿಗೂ ಒಂದೊಂದು ನಂಬರು ಹಂಚಿ ಲೆಕ್ಕ ಇಡುವುದು. ಇದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಅಂಗಡಿಯಿಂದ ಬಂದ ಹೊಸ ಡಬ್ಬಿಗೂ ಮೊದಲನೆಯದೊಂದನ್ನು ಬಿಟ್ಟು ಉಳಿದ ಮೂರೂ ಬರುತ್ತವೆ. ಯಾರೂ ಕೇಳದಿದ್ದರೂ ಪ್ಲಗ್ ಹಾಕಿದ ಕ್ಷಣದಿಂದ ಮೂರನ್ನೂ ಶುರು ಮಾಡುತ್ತದೆ.

ಭಾವಮೈದುನ ಮೊದಲು ಹಳೆಯ ಡಬ್ಬಿಯ ಹಳದಿ ಲ್ಯಾನ್ ಕಿಂಡಿಯಿಂದ ಬಂದ ಕೇಬಲ್ಲನ್ನು ಹೊಸದರ ನೀಲಿ ವ್ಯಾನ್ ಕಿಂಡಿಗೆ ಸಿಕ್ಕಿಸಿದ. ದೀಪಗಳೆಲ್ಲ ಹಸಿರಾದವು. ಮಹಡಿಯಲ್ಲಿ ನೆಟ್ ಬಂತು. ಹೆಂಡತಿ ತಮ್ಮನಿಗೆಂದು ಕಡುಬಿಗೆ ಇಟ್ಟಳು. ಕಡುಬು ಬೇಯುವಷ್ಟರಲ್ಲಿ ಮಹಡಿಯ ಲ್ಯಾಪ್‌ಟಾಪಿಗೆ ಕೆಳಗಿನ ಪ್ರಿಂಟರು ಕಾಣಿಸುತ್ತಿಲ್ಲವೆಂದು ಗೊತ್ತಾಯಿತು. ಮೇಲಿನ ಫೋನಿನಿಂದ ಹಾಲಿನ ಟಿವಿಗೆ ಸಿನಿಮಾ ಕಳಿಸಲೂ ಬರುತ್ತಿಲ್ಲ. ಹೊಸ ಡಬ್ಬಿ ತನ್ನ ಬೆನ್ನ ಹಿಂದೆ ಬೇರೆಯೇ ಬಡಾವಣೆ ಮಾಡಿಕೊಂಡಿತ್ತು; ಕೆಳಗಿನವರ ನಂಬರು 192.168.1ರ ಸಾಲಿನದು, ಮೇಲಿನವರದು 192.168.0ರದು. ಹೊರಗೆ ಹೋಗುವ ಪ್ರತಿ ಸಂದೇಶದ ವಿಳಾಸವನ್ನೂ ಎರಡು ಕಡೆ ತಿದ್ದಬೇಕು. ತಿಳಿದವರು ಡಬಲ್ ನ್ಯಾಟ್ ಎಂದು ಮೂಗು ಮುರಿಯುವುದು ಇದನ್ನೇ. ಬರೀ ನೆಟ್ ನೋಡುವವರಿಗೆ ಇದರಿಂದ ನಷ್ಟವೇನೂ ಇಲ್ಲ. ನಮ್ಮ ಮಗಳಿಗೆ ಪ್ರಿಂಟರು ಬೇಕಿತ್ತು.

ಆಗ ಅವನು ಕೇಬಲ್ಲನ್ನು ನೀಲಿ ಕಿಂಡಿಯಿಂದ ಕಿತ್ತು ಹಳದಿ ಕಿಂಡಿಗೆ ಹಾಕಿದ. ಯೋಚನೆ ಸರಿಯಾಗಿಯೇ ಇತ್ತು, ಅರ್ಧಕ್ಕೆ ನಿಂತಿತ್ತು. ಆ ಸಂಜೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ದೂರು. ನನ್ನ ಫೋನಿಗೆ ನೆಟ್ ಉಂಟು, ಹೆಂಡತಿಯದಕ್ಕೆ ಇಲ್ಲ. ಆಫ್ ಮಾಡಿ ಆನ್ ಮಾಡಿದರೆ ಅವಳದಕ್ಕೆ ಉಂಟು, ನನ್ನದಕ್ಕೆ ಇಲ್ಲ. ವೈಫೈ ಗುರುತು ತುಂಬ ತೋರಿಸುತ್ತದೆ, ಅದರಡಿ 'ನೋ ಇಂಟರ್ನೆಟ್' ಎಂಬ ಬರಹ. ಭಾವಮೈದುನ ಬೆವರು ಒರೆಸಿಕೊಳ್ಳುತ್ತ, "ಭಾವ, ಎರಡು ಡಿಎಚ್‌ಸಿಪಿ ಆಗ್ಬಿಟ್ಟಿದೆ ಅನ್ಸತ್ತೆ. ಎರಡೂ ಅಡ್ರೆಸ್ ಕೊಡ್ತಾ ಇವೆ" ಎಂದ.

ಆರಾಮ ಕುರ್ಚಿಯಲ್ಲಿದ್ದ ಮಾವನವರು ಪೇಪರು ಕೆಳಗಿಟ್ಟರು.

ನಮ್ಮ ಮಾವ ರೆವಿನ್ಯೂ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ತಂದೆ ನಾಗಮಂಗಲದ ಕಡೆ ವಂಶಪಾರಂಪರ್ಯದ ಶಾನುಭೋಗರು. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದುಮಾಡುವ ಕಾಯ್ದೆ ಬಂದು, 1963ರ ಫೆಬ್ರವರಿ 1ರಿಂದ ಅದು ಜಾರಿಯಾದಾಗ ದಫ್ತರದ ಗಂಟನ್ನು ಸರ್ಕಾರಕ್ಕೆ ಒಪ್ಪಿಸಿದರಂತೆ. ಮಗ ಅದೇ ಇಲಾಖೆ ಸೇರಿ ದಫ್ತರವನ್ನು ಹಿಂಬಾಗಿಲಿನಿಂದ ಮನೆಗೆ ತಂದುಕೊಂಡರು ಎಂದು ಅತ್ತೆಯವರ ಟೀಕೆ. ಅವರ ನಿವೃತ್ತಿಯ ಹೊತ್ತಿಗೆ ಭೂಮಿ ಯೋಜನೆ ಬಂದು 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಅಂದಿನಿಂದ ಕಂಪ್ಯೂಟರಿನ ಮೇಲೆ ಅವರದೊಂದು ಬಾಕಿ ಉಳಿದಿತ್ತು.

"ಎರಡೂ ನಂಬರ್ ಕೊಡ್ತವೆ ಅಂದ್ರೆ? ಖಾತೆ ಪುಸ್ತಕ ಒಂದೋ ಎರಡೋ?"

"ಎರಡು, ಅಪ್ಪ. ಅದರದ್ದು ಅದಕ್ಕೆ, ಇದರದ್ದು ಇದಕ್ಕೆ."

"ಅವನು ಬರ್ಕೊಂಡಿದ್ದು ಇವನಿಗೆ ಗೊತ್ತಾಗುತ್ತಾ?"

"ಇಲ್ಲ."

"ಲೋ, ಒಂದೇ ಊರಿಗೆ ಇಬ್ಬರು ಶಾನುಭೋಗರನ್ನ ಇಟ್ಟು ತಕರಾರು ಬಂತು ಅಂತೀಯಲ್ಲೋ!"

ಆಮೇಲೆ ವಿಚಾರಣೆಯೇ ನಡೆಯಿತು. ಫೋನು ಹೇಗೆ ನಂಬರು ಪಡೆಯುತ್ತದೆ ಎಂದು ಕೇಳಿದರು. ಮೊದಲು ಫೋನು ಎಲ್ಲರಿಗೂ ಕೇಳುವಂತೆ ಕೂಗಿ ಬೇಡುತ್ತದೆ; ಡಬ್ಬಿ 'ಇಂಥದ್ದು ಕೊಡಬಲ್ಲೆ' ಎನ್ನುತ್ತದೆ; ಫೋನು 'ಅದನ್ನೇ ಕೊಡಿ' ಎನ್ನುತ್ತದೆ; ಡಬ್ಬಿ ಖಾಯಂ ಮಾಡುತ್ತದೆ. ಮಗ ಓದಿ ಹೇಳಿದ್ದನ್ನು ಕೇಳಿ, "ಅರ್ಜಿ, ವರದಿ, ಒಪ್ಪಿಗೆ, ಮಂಜೂರಾತಿ. ಕ್ರಮ ಸರಿಯಾಗೇ ಇದೆ" ಎಂದರು. ಮಂಜೂರಾದದ್ದು ಸ್ವಂತಕ್ಕಲ್ಲ, ಗುತ್ತಿಗೆಗೆ, ಅವಧಿಯ ಅರ್ಧ ಕಳೆಯುತ್ತಲೇ ಫೋನು ತಾನೇ ನವೀಕರಣಕ್ಕೆ ಅರ್ಜಿ ಹಾಕುತ್ತದೆ ಎಂದಾಗ ಅವರ ಮುಖದಲ್ಲಿ ಗೌರವ ಮೂಡಿತು. ತಮ್ಮ ಇಡೀ ಸರ್ವಿಸಿನಲ್ಲಿ ಇಂಥ ಗುತ್ತಿಗೆದಾರನನ್ನು ಅವರು ಕಂಡಿರಲಿಲ್ಲ. 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನು ನನಗೆ ಯಾರೂ ಸರಿಯಾಗಿ ತಿಳಿಸಿರಲಿಲ್ಲ. ಮಾವನವರು ಕನ್ನಡಕ ಏರಿಸಿ ನೋಡಿ "ಚೆಕ್ಕುಬಂದಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಅವರಿಗೆ ಉಳಿದ ಅನುಮಾನ ಒಂದೇ. "ಅಳಿಯಂದ್ರೇ, ಪಕ್ಕದ ಮನೆಯವರ ಡಬ್ಬಿಗೂ ಇದೇ 192.168 ಇದ್ದರೆ?"

ಇದ್ದೇ ಇರುತ್ತದೆ ಎಂದೆ. 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಕೆಲವು ನಂಬರುಗಳನ್ನು ಖಾಸಗಿ ಬಳಕೆಗೆಂದು ಎತ್ತಿಟ್ಟರು. 192.168ರಿಂದ ಶುರುವಾಗುವ 65,536 ನಂಬರುಗಳೂ ಅದರಲ್ಲಿ ಸೇರಿವೆ. ಯಾರ ಮನೆಯೊಳಗಾದರೂ ಬಳಸಬಹುದು, ಮನೆ ದಾಟಿದರೆ ಬೆಲೆಯಿಲ್ಲ. ಈ ಬಗೆಯ ನಂಬರುಗಳು ಇರುವುದೇ ಖಾಸಗಿಯವೂ ಸೇರಿ ಒಟ್ಟು 429 ಕೋಟಿ ಚಿಲ್ಲರೆ. ಜಗತ್ತಿನ ದಾಸ್ತಾನು 2011ರ ಫೆಬ್ರವರಿಗೇ ಬರಿದಾಯಿತು. ಈಗ ಎಷ್ಟೋ ಕಂಪನಿಗಳು ಅನೇಕ ಮನೆಗಳಿಗೆ ಸೇರಿ ಒಂದೇ ಹೊರನಂಬರು ಕೊಡುತ್ತವೆ.

"ಹೊರಗಡೆ ಜಂಟಿ ಖಾತೆ. ಒಳಗಡೆ, ಸರ್ವೆ ನಂಬರ್ 12 ಪ್ರತಿ ಊರಲ್ಲೂ ಇರುತ್ತೆ, ಅದಕ್ಕೇನು" ಎಂದು ಮಾವನವರು ಕಡತ ಮುಚ್ಚಿದರು.

ಮುಂದಿನ ಕೆಲಸ ಕಾಯ್ದೆಯ ಪ್ರಕಾರ ನಡೆಯಿತು. ಹೊಸ ಡಬ್ಬಿಯನ್ನು ಕೇಬಲ್ ಬಿಡಿಸಿ ಲ್ಯಾಪ್‌ಟಾಪಿಗೆ ಒಂದಕ್ಕೇ ಕಟ್ಟಿ, ಅದರ ಸ್ವಂತ ವಿಳಾಸವನ್ನು 192.168.1.2 ಮಾಡಲಾಯಿತು, ಹಳೆಯದು 192.168.1.1, ಒಂದೇ ಚೆಕ್ಕುಬಂದಿಯೊಳಗೆ, ನಂಬರು ಮಾತ್ರ ಬೇರೆ. ಹಳೆಯ ಡಬ್ಬಿ ಹಂಚುವ ನಂಬರುಗಳನ್ನು 100ರಿಂದ ಮೇಲಕ್ಕೆ ನಿಗದಿ ಮಾಡಿ, 2ನ್ನು ಅಪ್ಪಿತಪ್ಪಿಯೂ ಯಾರಿಗೂ ಕೊಡದಂತೆ ನೋಡಿಕೊಂಡದ್ದು ಮಾವನವರ ಮುಂದಾಲೋಚನೆ. ಕೊನೆಗೆ ಹೊಸದರ ಡಿಎಚ್‌ಸಿಪಿ ಎದುರು 'ಡಿಸೇಬಲ್' ಒತ್ತುವ ಹೊತ್ತು ಬಂತು. "ಶಾನುಭೋಗಿಕೆ ರದ್ದು" ಎಂದು ಘೋಷಿಸಿ ಅವರೇ ಒತ್ತಿದರು. ತಂದೆಯ ದಫ್ತರ ಹೋದದ್ದನ್ನು ಕಣ್ಣಾರೆ ಕಂಡವರ ಬೆರಳು. ಒಂದಿಷ್ಟು ಜೋರಾಗಿಯೇ ಬಿತ್ತು. ವೈಫೈ ಹೆಸರು, ಪಾಸ್‌ವರ್ಡು ಎರಡಕ್ಕೂ ಒಂದೇ ಇಟ್ಟು, ಫೋನು ಮೆಟ್ಟಿಲು ಹತ್ತುವಾಗ ತಾನೇ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಂತೆ ಮಾಡಿದೆವು. ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡದಿರಲು 2.4ರಲ್ಲಿ ಒಂದಕ್ಕೆ 1ನೇ ಚಾನೆಲ್, ಇನ್ನೊಂದಕ್ಕೆ 6. ಕೇಬಲ್ಲು ಹಳದಿಯಿಂದ ಹಳದಿಗೆ. ಪ್ರಿಂಟರು ಕಾಣಿಸಿತು. ಮಾಡಿ ಮುಗಿಸಿದ ಮೇಲೆ ಭಾವಮೈದುನನಿಗೆ ಮೆನುವಿನ ಇನ್ನೊಂದು ಪುಟದಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಎಂಬ ಗುಂಡಿ ಕಂಡಿತು. ಅದೊಂದನ್ನು ಒತ್ತಿದ್ದರೆ ಶಾನುಭೋಗಿಕೆಯ ರದ್ದತಿಯನ್ನು ಅದೇ ಮಾಡಿಕೊಳ್ಳುತ್ತಿತ್ತು. ಅವನು ಆ ಪುಟವನ್ನು ಮೆಲ್ಲಗೆ ಮುಚ್ಚಿದ. ನಾನೂ ನೋಡದವನಂತೆ ಕಡುಬಿಗೆ ಚಟ್ನಿ ಹಾಕಿಕೊಂಡೆ.

ಹೊಸ ಡಬ್ಬಿಯ ನೀಲಿ ಕಿಂಡಿ ಖಾಲಿ ಉಳಿಯಿತು. ಮಗಳು ಅಲ್ಲಿಗೆ ಏನನ್ನೋ ಸಿಕ್ಕಿಸಲು ಹೋದಾಗ ಮಾವನವರು, "ಪುಟ್ಟಿ, ಅದು ಗೋಮಾಳ. ಒತ್ತುವರಿ ಮಾಡ್ಬೇಡ" ಎಂದರು.

ಇದಾದ ಮೇಲೆ ಯಾವುದೋ ರಿಪೇರಿಗೆ ಬಂದ ಫೈಬರ್ ಹುಡುಗ, "ಸಾರ್, ಬ್ರಿಡ್ಜ್ ಮೋಡ್ ಮಾಡಿಸ್ಕೊಂಡ್ಬಿಡಿ, ಅದೇ ಬೆಸ್ಟು" ಎಂದು ತಲೆಗೆ ಹುಳು ಬಿಟ್ಟ. ಅದರಲ್ಲಿ ಹಳೆಯ ಡಬ್ಬಿಯ ಅಧಿಕಾರವೆಲ್ಲ ಹೋಗಿ, ಬೆಳಕನ್ನು ಸಂಕೇತ ಮಾಡುವ ಮೊದಲ ಚಾಕರಿಯಷ್ಟೇ ಉಳಿಯುತ್ತದೆ. ಕಂಪನಿಗೆ ಲಾಗಿನ್ ಆಗುವುದರಿಂದ ಹಿಡಿದು ಉಳಿದದ್ದೆಲ್ಲ ಹೊಸದರ ಪಾಲು. ನಿಜಕ್ಕೂ ಒಳ್ಳೆಯ ಏರ್ಪಾಡೇ. ಅದಕ್ಕೆ ಬೇಕಾದ ಯೂಸರ್ ಐಡಿ, ಪಾಸ್‌ವರ್ಡು ಮಾತ್ರ ಕಾಲ್ ಸೆಂಟರಿನವರ ಬಳಿ ಇರುತ್ತದೆ, ಅವರು ಸಂಗೀತ ಕೇಳಿಸುತ್ತಾರೆ. ಅಷ್ಟರಲ್ಲಿ ಅತ್ತೆಯವರು ಅಡುಗೆಮನೆಯಿಂದಲೇ, "ನನ್ನ ಲ್ಯಾಂಡ್‌ಲೈನು ಇರುತ್ತೇನಪ್ಪಾ?" ಎಂದು ಕೇಳಿದರು. ಆ ಫೋನಿನ ವೈರು ಹಳೆಯ ಡಬ್ಬಿಯ ಬೆನ್ನಿಗೇ ಸಿಕ್ಕಿಸಿರುವುದು. ಹುಡುಗ ತಲೆ ಕೆರೆದುಕೊಂಡು, "ಗ್ಯಾರಂಟಿ ಹೇಳಕ್ಕಾಗಲ್ಲ ಅಜ್ಜಿ" ಎಂದ. ದಿನಾ ಮಧ್ಯಾಹ್ನ ಚಿಕ್ಕಮಗಳೂರಿನ ತಂಗಿಯೊಡನೆ ಆ ಫೋನಿನಲ್ಲಿ ಮಾತಾಡುವ ಅತ್ತೆಯವರು ಹೊರಗೆ ಬಂದು ಒಮ್ಮೆ ನೋಡಿದರು. ಬ್ರಿಡ್ಜ್ ಮೋಡಿನ ಪ್ರಸ್ತಾಪ ಅಲ್ಲಿಗೆ ಬಿತ್ತು.

ಮಾವನವರು ಈಗ ಉದ್ದನೆಯ ಲೆಡ್ಜರ್ ಪುಸ್ತಕವೊಂದನ್ನು ತರಿಸಿ ಗೆರೆ ಎಳೆದಿದ್ದಾರೆ. ಕ್ರಮ ಸಂಖ್ಯೆ, ಯಂತ್ರದ ವಿವರ, ಮ್ಯಾಕ್ ವಿಳಾಸ (ಯಂತ್ರದ ಹುಟ್ಟುಗುರುತು), ಮಂಜೂರಾದ ನಂಬರು, ಷರಾ. ಪ್ರಿಂಟರು ಓಡಾಡುವ ವಸ್ತುವಲ್ಲವೆಂದು ಅದಕ್ಕೆ 150ನೇ ನಂಬರನ್ನು ಕಾಯಂ ಮಾಡಿ ಕೊಟ್ಟಿದ್ದಾರೆ. ಮನೆಗೆ ಬಂದ ನೆಂಟರು ವೈಫೈ ಪಾಸ್‌ವರ್ಡು ಕೇಳಿದರೆ, ಕಾಫಿಗೆ ಮೊದಲು ಅವರ ಫೋನಿನ ಮ್ಯಾಕ್ ವಿಳಾಸ ದಾಖಲಾಗಬೇಕು. ಈಗಿನ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ವಿಳಾಸ ತೋರಿಸುತ್ತವೆ ಎಂದು ಮೊಮ್ಮಗಳು ಹೇಳಿದ ದಿನ ಮಾತ್ರ ಅವರು ಬಹಳ ನೊಂದುಕೊಂಡರು. ಆ ನೆಂಟರ ಹೆಸರಿನ ಮುಂದೆಲ್ಲ ಷರಾ ಕಲಮಿನಲ್ಲಿ 'ಬೇನಾಮಿ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಸುದ್ದಿ ಹಬ್ಬಿ, ಮೊನ್ನೆ ಹಿಂದಿನ ರಸ್ತೆಯ ನಿವೃತ್ತ ಪ್ರೊಫೆಸರು ಬಂದರು. ತಮ್ಮ ಮನೆಯಲ್ಲಿ ಕೆಳಗೊಂದು, ಮೇಲೊಂದು, ಬಾಡಿಗೆಯವರದೊಂದು ಡಬ್ಬಿ ಒಂದೇ ಕನೆಕ್ಷನ್ನಿಗೆ ಇವೆ, ಯಾವಾಗ ಯಾರಿಗೆ ನೆಟ್ ಬರುತ್ತದೋ ಹೇಳುವಂತಿಲ್ಲ ಎಂದರು.

"ಮೂರಾ?" ಎಂದು ಮಾವನವರು ಆರಾಮ ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಇಲ್ಲಿ ಕೂತು ಹೇಳೋ ಕೇಸಲ್ಲ. ಸ್ಥಳ ಮಹಜರು ಆಗ್ಬೇಕು. ಅಳಿಯಂದ್ರೇ, ಆ ಪುಸ್ತಕ ತಗೊಳ್ಳಿ, ಪಂಚರಾಗಿ ನೀವೂ ಬನ್ನಿ."