ಎಸ್ಸೆಸ್ಸೆಲ್ಸಿ: ಕರ್ತೃ, ಕಾಲ, ಪಾಠಾಂತರ

ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ದಶಕಗಟ್ಟಲೆ ಜಗ್ಗಾಡಿದ್ದಾರೆ. ಅದಕ್ಕಿಂತ ತೊಡಕಿನ ಪ್ರಶ್ನೆಯೊಂದು ವರ್ಷವರ್ಷವೂ ಮಾರ್ಚ್‌ನಲ್ಲಿ ತಲೆಯೆತ್ತುತ್ತದೆ: ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಿಜಕ್ಕೂ ಬರೆಯುವವರು ಯಾರು? ಈ ಪ್ರಬಂಧ ಆ ದಿಕ್ಕಿನಲ್ಲೊಂದು ವಿನಮ್ರ ಪ್ರಯತ್ನ. (ವಿನಮ್ರವಲ್ಲದ ಪ್ರಬಂಧಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ.)

ಮೊದಲು ಕಾಲನಿರ್ಣಯ. ಸರ್ಕಾರಿ ದಾಖಲೆ ನಂಬುವುದಾದರೆ ಹತ್ತನೇ ತರಗತಿ ಶುರುವಾಗುವುದು ಶಾಲಾ ಪ್ರಾರಂಭೋತ್ಸವದಂದು, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬಿಸಿಯೂಟಕ್ಕೊಂದು ಸಿಹಿ ಸೇರಿಸಿ. ಆಂತರಿಕ ಸಾಕ್ಷ್ಯ ಬೇರೆಯೇ ಹೇಳುತ್ತದೆ. ಒಂಬತ್ತನೆಯದು ಪಾಸಾದ ಸಂಜೆಯೇ ಚಿಕ್ಕಮ್ಮ ಫೋನಿನಲ್ಲಿ 'ಇನ್ಮೇಲೆ ಎಸ್ಸೆಸ್ಸೆಲ್ಸಿ ಅಲ್ವೇನೋ' ಎಂದಿರುತ್ತಾಳೆ. ಶಕೆ ಆರಂಭವಾಗುವುದು ಅಲ್ಲಿಂದ.

ಜೂನ್‌ನಿಂದ ದಸರೆಯವರೆಗಿನದು 'ಇನ್ನೂ ಟೈಮಿದೆ' ಯುಗ. ಪ್ರತಿಭಾ ಕಾರಂಜಿ, ತಾಲ್ಲೂಕು ಮಟ್ಟದ ಕಬಡ್ಡಿ, ಗಣಪತಿ ಚಂದಾ ಎಲ್ಲ ಈ ಯುಗದ ಅವಶೇಷಗಳು. ದಸರಾ ರಜೆಯಲ್ಲಿ ವಿಶೇಷ ತರಗತಿ ಇಟ್ಟಾಗ ಯುಗಾಂತ್ಯದ ಸುಳಿವು ಸಿಗುತ್ತದೆ. ಡಿಸೆಂಬರಿನ ಪ್ರವಾಸದ್ದು ಸಂಧಿಕಾಲ. ಬೇಲೂರಿನ ಶಿಲಾಬಾಲಿಕೆಯರ ಮುಂದೆ ಎರಡು ನಿಮಿಷ, ಬಸ್ಸಿನ ಹಿಂದಿನ ಸೀಟಿನ ಹಂಚಿಕೆಗೆ ಎರಡು ಗಂಟೆ. ಕಾಲಗಣನೆಯ ದೊಡ್ಡ ತೊಡಕು ಇರುವುದೂ ಇಲ್ಲೇ. ಪ್ರವಾಸಕ್ಕೆ ಅನುಮತಿಯನ್ನೂ ಹಣವನ್ನೂ ಕೋರಿ ತಂದೆಯವರಿಗೆ ಬರೆಯುವ ಪತ್ರ ದೊರೆಯುವುದು ಮಾರ್ಚ್‌ನ ಕನ್ನಡ ಉತ್ತರಪತ್ರಿಕೆಯಲ್ಲಿ, ಹೋಗಿ ಬಂದು ಮೂರು ತಿಂಗಳಾದ ಮೇಲೆ. ಅದೂ ಒಂದೇ ಮನೆಯಲ್ಲಿರುವ ತಂದೆಗೆ, 'ನಾನು ಇಲ್ಲಿ ಕ್ಷೇಮ' ಎಂಬ ಒಕ್ಕಣೆಯೊಂದಿಗೆ.

ಪೂರ್ವಸಿದ್ಧತಾ ಪರೀಕ್ಷೆಯ ನಂತರದ ಸಾಹಿತ್ಯಕ್ಕೆ 'ಪಾಸಿಂಗ್ ಪ್ಯಾಕೇಜ್' ಎಂದು ಹೆಸರು. ಭಾರತದ ನಕ್ಷೆ, ಥೇಲ್ಸ್ ಪ್ರಮೇಯ, ಹೃದಯದ ಚಿತ್ರ ಮತ್ತು ಒಂದು ಗಾದೆ, ಇಷ್ಟೇ ಇದರ ವಸ್ತು. ಕೈಬಿಟ್ಟ ಪಾಠಗಳ ದೃಷ್ಟಿಯಿಂದ ಇದೊಂದು ಸಂಗ್ರಹಕೃತಿ.

ಇನ್ನು ಕರ್ತೃವಿಚಾರ. ವಿದ್ಯಾರ್ಥಿಯೇ ಕರ್ತೃ ಎಂಬ ವಾದಕ್ಕೆ ಹಾಲ್ ಟಿಕೆಟಿನ ಫೋಟೊ ಒಂದೇ ಆಧಾರ, ಅದೂ ಅವನನ್ನು ಹೋಲುವುದಿಲ್ಲ. ಮಾತೃಪಕ್ಷ ಗಟ್ಟಿಯಾದದ್ದು: ಬೆಳಗಿನ ಐದಕ್ಕೆ ಏಳುವವಳು ತಾಯಿ, ಧಾರಾವಾಹಿ ಬಿಟ್ಟವಳೂ ಅವಳೇ. ಮಗ ಎದ್ದದ್ದಕ್ಕೆ ಪುರಾವೆಯಿಲ್ಲ, ಅವನೆದುರು ಪುಸ್ತಕ ತೆರೆದಿತ್ತು ಎಂಬುದಕ್ಕಷ್ಟೇ ಇದೆ. ಆದರೆ ಮುಖ್ಯೋಪಾಧ್ಯಾಯ ಪಕ್ಷದವರು ಅಂಕಿಅಂಶ ಹಿಡಿದು ಬರುತ್ತಾರೆ. ಒಟ್ಟು 625 ಅಂಕಗಳಲ್ಲಿ 125 ಆಂತರಿಕ, ಕೊಡುವುದು ಶಾಲೆ. ಎಂದರೆ ಕೃತಿಯ ಐದನೇ ಒಂದು ಭಾಗ ಅವರದೇ ಹಸ್ತಾಕ್ಷರದಲ್ಲಿದೆ. ಮೇಲಾಗಿ ಹಿಂದುಳಿದ ಮಕ್ಕಳನ್ನು ಮೇಷ್ಟ್ರುಗಳು ದತ್ತು ತೆಗೆದುಕೊಂಡು ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುವುದು ಲೋಕವಿದಿತ. ಕರ್ತೃ ಬೇರೆಯವರೆಂದು ನಿಸ್ಸಂದೇಹವಾಗಿ ಸಿದ್ಧವಾದ ಪ್ರಸಿದ್ಧ ಪ್ರಕರಣವೂ ಒಂದುಂಟು. ಕೊರೊನಾ ಕಾಲದ 2021ರಲ್ಲಿ ಆರೂ ವಿಷಯಗಳ ಪರೀಕ್ಷೆ ಎರಡೇ ದಿನಗಳಲ್ಲಿ, ಟಿಕ್ ಹಾಕುವ ಮಾದರಿಯಲ್ಲಿ ನಡೆದು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಸಾಗಿ ಒಬ್ಬರು ಮಾತ್ರ ಫೇಲಾದರು. ಅವರ ಬದಲು ಇನ್ನೊಬ್ಬರು ಬಂದು ಬರೆದಿದ್ದರು.

ಪಾಠಾಂತರಗಳ ಅಧ್ಯಯನ ರಸವತ್ತಾದದ್ದು. ಒಂದೇ ತಪ್ಪು ಹಲವು ಪ್ರತಿಗಳಲ್ಲಿ ಕಂಡರೆ ಮೂಲಪ್ರತಿ ಒಂದೇ ಎಂಬುದು ಗ್ರಂಥಸಂಪಾದನೆಯ ನಿಯಮ. ಕಿಟಕಿ ಪಕ್ಕದ ಸಾಲಿನ ಏಳೂ ನಕ್ಷೆಗಳಲ್ಲಿ ಶ್ರೀಲಂಕಾ ಗುಜರಾತಿನ ಕೆಳಗಿದ್ದರೆ ಸಂಶೋಧಕನಿಗೆ ಮತ್ತೇನು ಬೇಕು? ಈ ಲಿಪಿಕಾರ ಪರಂಪರೆಗೆ ಕುತ್ತು ಬಂದದ್ದು 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಈ ಕೃಪಾಂಕವನ್ನು ಪ್ರಕ್ಷಿಪ್ತವೆಂದು ಕಿತ್ತುಹಾಕಬೇಕೆನ್ನುವ ಶುದ್ಧಪಾಠವಾದಿಗಳಿದ್ದರು. ಅವರ ಮನೆಯಲ್ಲಿ ಹತ್ತನೇ ತರಗತಿಯವರು ಇದ್ದಿರಲಾರರು.

ಬೀಳ್ಕೊಡುಗೆ ಸಮಾರಂಭವನ್ನು ಇಲ್ಲಿ ಚರ್ಚಿಸುವುದಿಲ್ಲ. ಶಾಲೆಗೆ ಕಾಣಿಕೆಯಾಗಿ ಬಂದ ಗೋಡೆ ಗಡಿಯಾರಗಳ ಮೇಲೆ ಪ್ರತ್ಯೇಕ ಸಂಪುಟವೇ ಬೇಕು.

ಕರ್ತೃತ್ವದ ಜಗಳ ಬಗೆಹರಿಯುವುದು ಮೇ ತಿಂಗಳ ಫಲಿತಾಂಶದ ದಿನ. ಅಂಕ ಆರುನೂರು ದಾಟಿದರೆ ಕೃತಿ ಬಹುಕರ್ತೃಕ: ಟ್ಯೂಷನ್ನಿನವರು, ಮನೆದೇವರು, ಫ್ಲೆಕ್ಸಿನಲ್ಲಿ ಕೈಮುಗಿದ ಸ್ಥಳೀಯ ಮುಖಂಡರು, ಎಲ್ಲರೂ ಹಕ್ಕು ಸ್ಥಾಪಿಸುತ್ತಾರೆ. ಫೇಲಾದರೆ ಮಾತ್ರ ವಿದ್ವಾಂಸರಲ್ಲಿ ಅಪೂರ್ವ ಒಮ್ಮತ, ಬರೆದವನು ಅವನೊಬ್ಬನೇ. ಅವನು ಅಷ್ಟರಲ್ಲಿ ಪರೀಕ್ಷೆ-2ರ ಅರ್ಜಿ ತುಂಬುತ್ತಿರುತ್ತಾನೆ, ಪರಿಷ್ಕೃತ ಆವೃತ್ತಿಗೆ. ಈ ಬಾರಿಯ ಮುನ್ನುಡಿಯನ್ನು ಅವನ ತಂದೆಯೇ, ಬಾಯಿಮಾತಿನಲ್ಲಿ, ಬೀದಿಯ ಕೊನೆಯವರೆಗೂ ಕೇಳುವಂತೆ ಒದಗಿಸುತ್ತಿದ್ದಾರೆ.