ಸ್ವಂತ ಇಚ್ಛೆಯಿಂದ ಮೋಸಹೋದವರ ಪರವಾಗಿ

ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಮಾನ್ಯ ಪದಾಧಿಕಾರಿಗಳೇ,

ಅಘನಾಶಿನಿ ಸಮುದ್ರ ಸೇರುವ ಕುಮಟಾ ಸೀಮೆಯಿಂದ ನಮಸ್ಕಾರ. ತಾವು ಯಾರು ಎಂಬುದು ನಮಗಿನ್ನೂ ತಿಳಿದಿಲ್ಲ, ಕೇಳೋಣವೆಂದೇ ಈ ಪತ್ರ. ಆದಾಯ ತೆರಿಗೆಯವರು ಬಂದರೆ ತಾವು ಧರ್ಮಾರ್ಥ ಸಂಸ್ಥೆ. ಐಪಿಎಲ್ ನಡೆಸುವುದು ಕ್ರಿಕೆಟ್ಟಿನ ಸೇವೆಯೇ ಹೊರತು ವ್ಯಾಪಾರವಲ್ಲ ಎಂಬ ತಮ್ಮ ವಾದವನ್ನು 2021ರ ನವೆಂಬರಿನಲ್ಲಿ ಮುಂಬೈಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಒಪ್ಪಿಕೊಂಡಿತು. ಅದಾಗಿ ವರ್ಷ ತುಂಬುವ ಮೊದಲೇ ಆ ಸೇವೆಯ ಐದು ವರ್ಷದ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹರಾಜಾಯಿತು. ಇಷ್ಟು ದೊಡ್ಡ ಸೇವೆ ನಮ್ಮ ಕಡೆ ಯಾವ ಮಠದವರೂ ಮಾಡಿದ್ದಿಲ್ಲ. ಅದೇ, ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಯಾರಾದರೂ ಬಂದರೆ ತಾವು ಖಾಸಗಿ ಸಂಘ. ಉತ್ತರ ಕೊಡಿ ಎಂದು 2018ರಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಿದಾಗ ಕೋರ್ಟಿಗೆ ಹೋದಿರಿ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆ ತಮ್ಮನ್ನು ಹಿಡಿದೀತೆಂದು ನಂಬಿದ್ದೆವು. ಪಾಸಾಗುವ ಹೊತ್ತಿಗೆ ಅದರಲ್ಲಿದ್ದ ಮಾಹಿತಿ ಹಕ್ಕು ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗಷ್ಟೇ ಉಳಿಯಿತು. ತೆರಿಗೆ ವಿನಾಯಿತಿ ನೆರವಲ್ಲವಂತೆ. ಇನ್ನು, ತಂಡ ಗೆದ್ದ ದಿನ ತಾವು ಸಾಕ್ಷಾತ್ ಭಾರತ.

ನಮ್ಮ ತಕರಾರಿನ ಬೇರು ಇರುವುದು ಕೆಪಿಎಲ್‌ನಲ್ಲಿ. 2019ರ ಕರ್ನಾಟಕ ಪ್ರೀಮಿಯರ್ ಲೀಗಿನ ಫೈನಲ್ಲಿನಲ್ಲಿ ಬಳ್ಳಾರಿ ತಂಡ ಹುಬ್ಬಳ್ಳಿಯೆದುರು 8 ರನ್ನಿನಿಂದ ಸೋತಿತು. ಸೋತ ತಂಡದ ಆಟಗಾರರು ನಿಧಾನ ಆಡಲು ಹಣ ಪಡೆದಿದ್ದರೆಂದು ಬೆಂಗಳೂರಿನ ಸಿಸಿಬಿ ಪೊಲೀಸರು ಆರೋಪಿಸಿದರು. ಲೀಗಿನ ಆಟಗಾರರು, ತಂಡದ ಮಾಲೀಕರು, ಬುಕ್ಕಿಗಳು ಒಬ್ಬರ ಹಿಂದೊಬ್ಬರು ಬಂಧನಕ್ಕೊಳಗಾದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೆಲವು ಆರೋಪಿಗಳ ಮೇಲಿನ ವಂಚನೆಯ ಮೊಕದ್ದಮೆಯನ್ನು ರದ್ದುಮಾಡಿತು. ಪಂದ್ಯ ಮಾರಿಕೊಂಡರೆ ಅಭಿಮಾನಿಗಳಿಗೆ ಮೋಸಹೋದ ಭಾವನೆ ಬರಬಹುದು, ಆದರೆ ಭಾವನೆಯಿಂದ ಅಪರಾಧ ಹುಟ್ಟುವುದಿಲ್ಲ. ಪ್ರೇಕ್ಷಕರು ಟಿಕೆಟ್ ಕೊಳ್ಳುವುದು ಸ್ವಂತ ಇಚ್ಛೆಯಿಂದ, ಯಾರೂ ಪುಸಲಾಯಿಸಿ ಕೊಡಿಸಿದ್ದಲ್ಲ. ಶಿಸ್ತುಕ್ರಮ ಬೇಕಿದ್ದರೆ ಅದು ಕ್ರಿಕೆಟ್ ಮಂಡಳಿಯ ಕೆಲಸ. ತೀರ್ಪಿನ ತಿರುಳು ಇಷ್ಟು. ನ್ಯಾಯಾಲಯದ ಮೇಲೆ ನಮ್ಮ ದೂರಿಲ್ಲ, ಇರುವ ಕಾನೂನನ್ನು ಅದು ಇದ್ದಂತೆ ಓದಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೂ ಹೋಗಿದೆ. ಆದರೆ ಪುಸಲಾವಣೆಯೇ ಇಲ್ಲ ಎಂದಾದರೆ ಎರಡು ತಿಂಗಳು, ದಿನಾ ಸಂಜೆ, ಓವರಿಗೊಮ್ಮೆ ಬರುವ ಜಾಹೀರಾತುಗಳಿಗೆ ಕೋಟಿಗಟ್ಟಲೆ ಸುರಿಯುವವರು ಹುಚ್ಚರೇ? ಕೆಪಿಎಲ್ ಮುಚ್ಚಿ 2022ರಲ್ಲಿ ಅದರ ಜಾಗಕ್ಕೆ ಮಹಾರಾಜ ಟ್ರೋಫಿ ಬಂತು. ಹೆಸರು ಬದಲಿಸಿದರೆ ದೋಷ ಕಳೆಯುವಂತಿದ್ದರೆ ಗೋಕರ್ಣಕ್ಕೆ ಯಾರೂ ಬರುತ್ತಿರಲಿಲ್ಲ.

ಕ್ರಿಕೆಟ್ಟೊಂದು ಮನರಂಜನೆ, ಇಷ್ಟೇಕೆ ತಲೆಕೆಡಿಸಿಕೊಳ್ಳುತ್ತೀರಿ ಎನ್ನುವವರಿದ್ದಾರೆ. ಮನರಂಜನೆ ನಮಗೆ ಹೊಸತಲ್ಲ. ಹೊನ್ನಾವರ, ಕುಮಟಾ, ಭಟ್ಕಳವೆಂದರೆ ಯಕ್ಷಗಾನ ನೋಡಿ ಬೆಳಗು ಮಾಡುವ ಸೀಮೆ. ಗದಾಯುದ್ಧದಲ್ಲಿ ಕೌರವ ಬೀಳುತ್ತಾನೆಂಬುದು ಚಂಡೆ ಬಡಿಯುವ ಮೊದಲೇ ಮಕ್ಕಳಿಗೂ ಗೊತ್ತು. ಆದರೂ ಯಾರೂ ಮೋಸವಾಯಿತು ಎನ್ನುವುದಿಲ್ಲ. ಕೌರವ ಗೆದ್ದರೂ ಗೆಲ್ಲಬಹುದು ಎಂದು ಹೇಳಿ ಮೇಳದವರು ಟಿಕೆಟ್ ಮಾರಿರುವುದಿಲ್ಲವಲ್ಲ. ಜನ ಕೂರುವುದು ಅವನು ಬೀಳುವ ಚೆಂದ ನೋಡಲು. ತಾವು ಮಾರುವ ಸರಕು ಬೇರೆ. ಮುಂದಿನ ಚೆಂಡು ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ ಎಂಬ ಒಂದೇ ಮಾತಿಗೆ ನಾವು ದುಡ್ಡು ಕೊಡುವುದು. ಅದು ಒಬ್ಬ ಬುಕ್ಕಿಗೆ ಮೊದಲೇ ಗೊತ್ತಿದ್ದರೆ ಮಾರಿದ್ದೇನು, ನಾವು ಕೊಂಡದ್ದೇನು? ಐಪಿಎಲ್ ಬಂದಮೇಲೆ ಬಡವರ ಮನೆಯ ಹುಡುಗರು ಕೋಟಿ ಕಂಡರಲ್ಲ ಎಂಬ ಮಾತೂ ಇದೆ. ಸುಳ್ಳಲ್ಲ, ಸಂತೋಷವೇ. 2024ರ ಹರಾಜಿನಲ್ಲಿ ಒಬ್ಬನೇ ಆಟಗಾರನಿಗೆ 27 ಕೋಟಿ ಕೂಗಿದರು. ತಮ್ಮನ್ನು ನೋಡಿ ಈ ಕರಾವಳಿಯ ಕೊಯ್ದ ಗದ್ದೆಗಳಲ್ಲೂ ಪ್ರೀಮಿಯರ್ ಲೀಗು, ಹರಾಜು, ಮಾಲೀಕರು ಎಲ್ಲ ಆಗಿದ್ದಾರೆ. ಒಂದನ್ನು ಮಾತ್ರ ಇಲ್ಲಿಯವರು ತಮ್ಮಿಂದ ಕಲಿತಿಲ್ಲ. ನೂರು ರೂಪಾಯಿ ವಂತಿಗೆ ಕೊಟ್ಟವನು ಬಂದು ಜಮಾ-ಖರ್ಚು ಕೇಳಿದರೆ ನಮ್ಮದು ಖಾಸಗಿ ಸಂಘ ಎನ್ನುವ ಧೈರ್ಯ ಯಾವ ಸಂಘಟಕನಿಗೂ ಇಲ್ಲ.

ಪಂದ್ಯ ಮಾರಿಕೊಳ್ಳುವುದನ್ನು ತಡೆಯುವ ಕಾನೂನು ಮಾಡಲು ಸಮಯ ಬೇಕು ಎಂಬ ಸಮಜಾಯಿಷಿಯೂ ಬರುತ್ತದೆ. ಪಂದ್ಯ ಮಾರಿಕೊಂಡ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಸಿಕ್ಕಿಬಿದ್ದದ್ದು 2000ದಲ್ಲಿ. 2013ರಲ್ಲಿ ಐಪಿಎಲ್‌ನ ಮೂವರು ಆಟಗಾರರ ಬಂಧನವಾಯಿತು, ಆಮೇಲೆ ಎರಡು ತಂಡಗಳನ್ನು ಎರಡು ವರ್ಷ ಹೊರಗಿಟ್ಟರು. ಕ್ರೀಡಾ ವಂಚನೆ ತಡೆಯುವ ಮಸೂದೆಯ ಕರಡೂ 2013ರಲ್ಲೇ ಸಿದ್ಧವಾಯಿತು, ಕರಡಾಗಿಯೇ ಉಳಿಯಿತು. ಹಾಗೆಂದು ಸಂಸತ್ತಿಗೆ ಓಡಲು ಬಾರದೆಂದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ದಾಟಿ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅಲ್ಲಿಯವರೆಗೂ ನಮ್ಮ ರಾಷ್ಟ್ರೀಯ ತಂಡದ ಎದೆಯ ಮೇಲಿದ್ದದ್ದು ಅಂಥದೇ ಒಂದು ಕಂಪನಿ, ಡ್ರೀಮ್11ರ ಹೆಸರು. ಧರ್ಮಾರ್ಥ ಸಂಸ್ಥೆಗೆ ತಕ್ಕ ದಾನಿ.

ಇದೆಲ್ಲವನ್ನೂ ನಕ್ಕು ಬಿಡಬಹುದಿತ್ತು. 2025ರ ಜೂನ್ 4 ಬಿಡಲಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ಬೆಳಗಾದದ್ದೇ ವಿಜಯಯಾತ್ರೆಗೆ ಬನ್ನಿ ಎಂದು ತಂಡದ ಜಾಲತಾಣ ಖಾತೆಗಳಲ್ಲಿ ಕರೆ ಬಂತು, ಉಚಿತ ಪಾಸಿನ ಸುದ್ದಿಯೂ ಬಂತು. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಮುಂದೆ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು, ನಮ್ಮ ಉತ್ತರ ಕನ್ನಡದ ಹೆಣ್ಣುಮಗಳೂ ಒಬ್ಬಳು. ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನವಾಯಿತು, ಹೊರಗೆ ಜನ ಸತ್ತಿದ್ದಾಗ ಕ್ರೀಡಾಂಗಣದೊಳಗೆ ಸಂಭ್ರಮವೂ ನಡೆಯಿತು. ಆಮೇಲೆ ತಂಡ, ರಾಜ್ಯ ಕ್ರಿಕೆಟ್ ಸಂಸ್ಥೆ, ಪೊಲೀಸರು, ಸರ್ಕಾರ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ಪೊಲೀಸ್ ಆಯುಕ್ತರು ಅಮಾನತಾದರು, ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ರಾಜೀನಾಮೆ ಕೊಟ್ಟರು, ಆಯೋಗ ಕೂತಿತು. ತಾವು? ಆ ಕಾರ್ಯಕ್ರಮಕ್ಕೂ ನಮಗೂ ಸಂಬಂಧವಿಲ್ಲ ಎಂದಿರಿ. ತಂಡ ತಮ್ಮ ಲೀಗಿನದು, ಕಪ್ ತಮ್ಮದು, ಜನರ ಹುಚ್ಚಿನ ಮೇಲೆ ಕಟ್ಟಿದ 48,390 ಕೋಟಿ ತಮ್ಮದು, ಹೆಣ ಮಾತ್ರ ನಮ್ಮವರದು. ಅವರೂ ಸ್ವಂತ ಇಚ್ಛೆಯಿಂದ ಬಂದವರು ಎನ್ನುತ್ತೀರಾ? ನಾಚಿಕೆಯಾಗಬೇಕು.

ನಾವು ಕೇಳುವುದು ಹೆಚ್ಚೇನಲ್ಲ. ಧರ್ಮಾರ್ಥ ಸಂಸ್ಥೆಯಾಗಿರುವುದಾದರೆ ಮಾಹಿತಿ ಹಕ್ಕಿಗೆ ಒಳಪಟ್ಟು ಕೇಳಿದವರಿಗೆ ಲೆಕ್ಕ ಕೊಡಿ. ವ್ಯಾಪಾರಿಗಳಾಗಿರುವುದಾದರೆ ಐಪಿಎಲ್ ಗಳಿಕೆಗೆ ಎಲ್ಲ ವ್ಯಾಪಾರಿಗಳಂತೆ ಆದಾಯ ತೆರಿಗೆ ಕಟ್ಟಿ. ಯಾವುದೆಂದು ತಾವೇ ಆರಿಸಿಕೊಂಡು ಬರೆದು ತಿಳಿಸಿ.

ಇಂತಿ,
ಕುಮಟೆಯ ಒಬ್ಬ ಪ್ರೇಕ್ಷಕ